ಐದು ಮೀಟರ್ ಹಗ್ಗದ ಸಾಕ್ಷಿ

ಬೆಳೆ ವಿಮೆಯ ಮಾತೆತ್ತಿದರೆ ಧಾರವಾಡ, ಗದಗ ಕಡೆಯ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಮೊದಲು ಕೇಳುವ ದೂರು ಒಂದೇ: ‘ಬ್ಯಾಂಕಿನ್ಯಾಗ ರೊಕ್ಕ ಮುರಕೊಂಡ್ರು, ನಮ್ಮ ಹೊಲಕ್ಕ ಮಾತ್ರ ಯಾರೂ ಬರಲಿಲ್ರೀ.’ ಅದರ ಬೆನ್ನಿಗೇ ಎರಡನೆಯದು: ‘ಬಾಜೂಕಿನ ಪಂಚಾಯ್ತಿಗೆ ಪರಿಹಾರ ಬಂತು, ನಮಗ ಬರಲಿಲ್ಲ. ನಡುವ ಇರೂದು ಒಂದು ಬದು ಅಷ್ಟ.’

ಈ ದೂರಿನಲ್ಲಿ ನ್ಯಾಯವಿದೆ. ಕಾರು ಗುದ್ದಿದರೆ ಸರ್ವೇಯರ್ ಬಂದು ಬಾಗಿದ ಬಂಪರಿನ ಫೋಟೊ ತೆಗೆಯುತ್ತಾನೆ. ವಿಮೆ ಮಾಡಿಸಿದ ಎಮ್ಮೆ ಸತ್ತರೆ ಪಶುವೈದ್ಯರು ಹಿತ್ತಲಿಗೇ ಬಂದು ಮರಣೋತ್ತರ ಪರೀಕ್ಷೆ ಮಾಡುತ್ತಾರೆ, ಕಿವಿಯೋಲೆಯ ನಂಬರು ಪಾಲಿಸಿಗೆ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. (ಓಲೆ ಎಲ್ಲೋ ಬೇಲಿಗೆ ಸಿಕ್ಕಿ ಹರಿದುಹೋಗಿದ್ದರೆ ಎಮ್ಮೆ ಸತ್ತದ್ದು ಮನೆಯವರಿಗೆ ಮಾತ್ರ, ವಿಮೆಯ ಲೆಕ್ಕದಲ್ಲಿ ಅದಿನ್ನೂ ಮೇಯುತ್ತಿರುತ್ತದೆ.) ಮಳೆ ಕೈಕೊಟ್ಟು ನಾಲ್ಕು ಎಕರೆ ಹೆಸರು ನಿಂತಲ್ಲೇ ಒಣಗಿದರೆ ಮಾತ್ರ ಆ ಹೊಲವನ್ನೇ ಯಾರೂ ಬಂದು ನೋಡಬೇಕಾಗಿಲ್ಲ. ನಿಯಮವೇ ಹಾಗಿದೆ. ಅಧಿಕಾರಿಗಳ ಸೋಮಾರಿತನ ಎಂದು ಬೈದು ಮುಗಿಸಬಹುದಾದ ವಿಷಯವೂ ಇದಲ್ಲ. ‘ಒಬ್ಬೊಬ್ಬರ ಹೊಲ ನೋಡುವುದು ಬೇಡ’ ಎಂಬುದು ನೂರು ವರ್ಷ ವಾದ ಮಾಡಿ, ನಡುವೆ ಒಮ್ಮೆ ಕೈ ಸುಟ್ಟುಕೊಂಡು ತಲುಪಿದ ತೀರ್ಮಾನ. ಅದರ ಮೊದಲ ಹೆಜ್ಜೆ ಬಿದ್ದದ್ದು ನಮ್ಮದೇ ಮೈಸೂರಿನಲ್ಲಿ.

ವಿಮೆ ಬರುವ ಮೊದಲೂ ಬೆಳೆ ನೋಡುವವರು ಇದ್ದರು. ಅವರು ನೋಡುತ್ತಿದ್ದದ್ದು ಪರಿಹಾರ ಕೊಡಲಿಕ್ಕಲ್ಲ, ಕಂದಾಯವನ್ನು ಈ ವರ್ಷ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸಲಿಕ್ಕೆ. ಮುಂಬೈ ಪ್ರಾಂತದಲ್ಲಿ ಇದಕ್ಕೆ ಆಣೆವಾರಿ ಎಂದು ಹೆಸರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಅದೇ ಪ್ರಾಂತ. ಪೂರ್ತಿ ಬೆಳೆ ಎಂದರೆ 16 ಆಣೆ. ಹೊಲದ ದಂಡೆಯಲ್ಲಿ ನಿಂತು ಕಣ್ಣಳತೆಯಲ್ಲಿ ‘ಇದು ಎಂಟಾಣೆ, ಅದು ಆರಾಣೆ’ ಎಂದು ಬರೆದುಕೊಂಡು ಹೋಗುವುದು. ಹಿರಿಯರು ಇಂದಿಗೂ ‘ಈ ಸಲ ಎಂಟಾಣೆ ಬೆಳಿ’ ಎನ್ನುವುದುಂಟು.

1918ರ ಖೇಡಾ ಸತ್ಯಾಗ್ರಹದ ತಳದಲ್ಲಿದ್ದದ್ದು ಇದೇ ಆಣೆಯ ಜಗಳ. ಬೆಳೆ 4 ಆಣೆ ಅಥವಾ ಅದಕ್ಕೂ ಕಡಿಮೆಯಾದರೆ ಆ ವರ್ಷದ ಕಂದಾಯ ವಸೂಲಿಯನ್ನು ಪೂರ್ತಿ ತಡೆಹಿಡಿಯಬೇಕೆಂಬುದು ನಿಯಮ. ನಾಲ್ಕಾಣೆಯೂ ಬಂದಿಲ್ಲ ಎಂದರು ರೈತರು. ಅದಕ್ಕಿಂತ ಹೆಚ್ಚೇ ಬಂದಿದೆ ಎಂದಿತು ಸರ್ಕಾರ. ನೋಡಿದ್ದು ಅದೇ ಹೊಲಗಳನ್ನು. ಒಬ್ಬರ ಕಣ್ಣನ್ನು ಇನ್ನೊಬ್ಬರು ನಂಬಲು ಕಾರಣವೇ ಇರಲಿಲ್ಲ.

ಖೇಡಾಕ್ಕೆ ಮೂರು ವರ್ಷ ಮುಂಚೆ, 1915ರಲ್ಲಿ, ಮೈಸೂರು ಸಂಸ್ಥಾನದ ಹಣಕಾಸು ಅಧಿಕಾರಿ ಜೆ. ಎಸ್. ಚಕ್ರವರ್ತಿ ಒಂದು ಯೋಜನೆ ಮುಂದಿಟ್ಟರು. ವಿಶ್ವೇಶ್ವರಯ್ಯ ದಿವಾನರಾಗಿದ್ದ ಕಾಲ; 1876–78ರ ಬರದಲ್ಲಿ ಸುಮಾರು ಐದರಲ್ಲೊಂದು ಪಾಲು ಜನರನ್ನು ಕಳೆದುಕೊಂಡಿದ್ದ ಸಂಸ್ಥಾನ. ಬರಕ್ಕೆ ವಿಮೆ ಕೊಡಬೇಕು, ಸರಿ. ಆದರೆ ನಷ್ಟವಾಯಿತೆಂದು ನಿರ್ಧರಿಸುವವರು ಯಾರು? ಹೊಲ ಹೊಲಕ್ಕೆ ಆಳು ಕಳಿಸಿದರೆ ಅವರ ಸಂಬಳದಲ್ಲೇ ವಿಮೆ ಮುಗಿಯುತ್ತದೆ. ಕಳೆ ತೆಗೆಯದೆ ಬೆಳೆ ಕೆಡಿಸಿಕೊಂಡವನಿಗೂ ಮಳೆಯಿಲ್ಲದೆ ಕೆಟ್ಟವನಿಗೂ ಒಂದೇ ಪರಿಹಾರ ಹೋದೀತು. ಚಕ್ರವರ್ತಿಯವರು ಕಂಡುಕೊಂಡ ದಾರಿ ಸರಳವಾಗಿತ್ತು: ಬೆಳೆಯನ್ನು ನೋಡುವುದೇ ಬೇಡ, ಮಳೆಮಾಪಕ ನೋಡಿದರೆ ಸಾಕು. ಒಂದು ಪ್ರದೇಶದಲ್ಲಿ ಮಳೆ ಇಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿ ವಿಮೆ ಮಾಡಿಸಿದ ಎಲ್ಲರಿಗೂ ಪರಿಹಾರ. ಮಳೆಮಾಪಕಕ್ಕೆ ನೆಂಟರಿಲ್ಲ, ಅದು ಲಂಚ ಕೇಳುವುದಿಲ್ಲ. 1920ರಲ್ಲಿ ಅವರು ಇದನ್ನೇ ವಿವರಿಸಿ ಭಾರತಕ್ಕೆ ಹೊಂದುವ ಕೃಷಿ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಯೋಜನೆ ಮಾತ್ರ ಜಾರಿಗೆ ಬರಲಿಲ್ಲ. ಜಗತ್ತು ‘ಹವಾಮಾನ ಸೂಚ್ಯಂಕ ವಿಮೆ’ ಎಂದು ಇದನ್ನೇ ಹೊಸದಾಗಿ ಕಂಡುಹಿಡಿಯುವ ಹೊತ್ತಿಗೆ ಮುಕ್ಕಾಲು ಶತಮಾನ ದಾಟಿತ್ತು.

ಅತ್ತ ಬಿಹಾರ–ಒಡಿಶಾದಲ್ಲಿ ಜೆ. ಎ. ಹಬ್ಬಾಕ್ ಎಂಬ ಐಸಿಎಸ್ ಅಧಿಕಾರಿಗೆ ಕಣ್ಣಳತೆಯ ಮೇಲಿನ ನಂಬಿಕೆ ಹೋಗಿತ್ತು. 1920ರ ದಶಕದಲ್ಲಿ ಅವರು ಭತ್ತದ ಗದ್ದೆಗಳಲ್ಲಿ ಗೊತ್ತುಗುರಿಯಿಲ್ಲದೆ ಜಾಗ ಆರಿಸಿ, ಪುಟ್ಟ ತುಂಡೊಂದನ್ನು ಕೊಯ್ಸಿ ತೂಗಿಸಿದರು. ಗೊತ್ತುಗುರಿ ಇಲ್ಲದಿರುವುದೇ ಇಲ್ಲಿ ಗುಟ್ಟು. ಆರಿಸುವವನ ಕೈಗೆ ಬಿಟ್ಟರೆ ಅವನ ಕಾಲು ತಾನಾಗಿ ಒಳ್ಳೆಯ ಪೈರಿನತ್ತ ಹೋಗುತ್ತದೆ. ಆಮೇಲೆ ಬಂಗಾಳದಲ್ಲಿ ಪಿ. ಸಿ. ಮಹಾಲನೋಬಿಸ್ ಈ ಕೆಲಸವನ್ನು ದೊಡ್ಡದು ಮಾಡಿದರು. ಅವರದು ಸಣ್ಣ ಸಣ್ಣ ವೃತ್ತಗಳ ಕೊಯ್ಲು. ಕೃಷಿ ಸಂಶೋಧನಾ ಮಂಡಳಿಯ ಪಿ. ವಿ. ಸುಖಾತ್ಮೆ ಒಪ್ಪಲಿಲ್ಲ: ತುಂಡು ಚಿಕ್ಕದಾದಷ್ಟೂ ಅಂಚಿನ ಗಿಡಗಳು ಒಳಗೆ ಸೇರಿಕೊಂಡು ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ ಎಂದರು. ಅಂಚಿನಲ್ಲಿ ನಿಂತ ಗಿಡ ಹಗ್ಗದ ಒಳಗೋ ಹೊರಗೋ ಎಂಬ ಅನುಮಾನ ಬಂದಾಗ ಮನುಷ್ಯನ ಕುಡುಗೋಲು ಅದನ್ನು ಒಳಗೇ ಎಳೆದುಕೊಳ್ಳುತ್ತದಂತೆ! ಕೊನೆಗೆ ನಿಂತದ್ದು ಸುಖಾತ್ಮೆಯವರ ದೊಡ್ಡ ತುಂಡು. ಇಂದು ನಮ್ಮಲ್ಲಿ ಹೆಚ್ಚಿನ ಬೆಳೆಗಳಿಗೆ ಬಳಸುವ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಆ ವಂಶದ್ದೇ.

ಆದರೆ ಆ ಕೊಯ್ಲೆಲ್ಲ ದೇಶದ ಆಹಾರ ಲೆಕ್ಕಕ್ಕೆ. ವಿಮೆ ಇನ್ನೂ ದೂರವಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಕೇಂದ್ರ ಸರ್ಕಾರ ಅಧ್ಯಯನ ಮಾಡಿಸಿತು. ಖರ್ಚಿಗೆ ಹೆದರಿ ರಾಜ್ಯಗಳು ಒಲ್ಲೆ ಎಂದವು. ಕೊನೆಗೆ 1972ರಲ್ಲಿ ಹೊಸದಾಗಿ ಹುಟ್ಟಿದ ಸಾಮಾನ್ಯ ವಿಮಾ ನಿಗಮ ಗುಜರಾತಿನ ಎಚ್–4 ಹತ್ತಿಗೆ ವಿಮೆ ಆರಂಭಿಸಿತು. ನಮ್ಮ ರೈತರು ಇಂದು ಕೇಳುವುದೇ ಅಲ್ಲಿ ಸಿಕ್ಕಿತ್ತು. ಒಬ್ಬೊಬ್ಬರಿಗೂ ಪಾಲಿಸಿ, ಅವರವರ ಹೊಲದ ನಷ್ಟಕ್ಕೇ ಪರಿಹಾರ. ಆಮೇಲೆ ಶೇಂಗಾ, ಗೋಧಿ, ಆಲೂಗಡ್ಡೆಗೂ, ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಿಗೂ ಅದು ಹಬ್ಬಿತು.

1978–79ಕ್ಕೆ ಅಂಗಡಿ ಮುಚ್ಚುವಾಗ ಲೆಕ್ಕ ಹೀಗಿತ್ತು: ರೈತರು 3,110, ಕಟ್ಟಿದ ಕಂತು 4.54 ಲಕ್ಷ ರೂಪಾಯಿ; ಕೊಟ್ಟ ಪರಿಹಾರ 37.88 ಲಕ್ಷ. ಕಂತಿನ ಎಂಟು ಪಟ್ಟಿಗೂ ಹೆಚ್ಚು. ಇದರಲ್ಲಿ ರೈತರ ಮೋಸ ಹುಡುಕಬೇಕಾಗಿಲ್ಲ. ನೀರು ನಿಲ್ಲುವ ಹೊಲದವನೇ ಮೊದಲು ವಿಮೆ ಮಾಡಿಸುತ್ತಾನೆ, ದಿಬ್ಬದ ಹೊಲದವನು ನಾಳೆ ನೋಡೋಣ ಎನ್ನುತ್ತಾನೆ. ಬೆಳೆ ಹೋಗುವ ಅಪಾಯ ಯಾವ ಹೊಲಕ್ಕೆ ಎಷ್ಟೆಂಬುದು ಒಕ್ಕಲಿಗನಿಗೆ ಗೊತ್ತು, ಕಚೇರಿಗೆ ಗೊತ್ತಿಲ್ಲ.

ಈ ಸುಟ್ಟ ಕೈಗೆ ಮುಲಾಮು ಹಚ್ಚಿದವರು ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ವಿ. ಎಂ. ದಾಂಡೇಕರ್. 1976ರ ತಮ್ಮ ಲೇಖನದಲ್ಲಿ ಅವರು ಹೇಳಿದ್ದರ ತಿರುಳು: ಒಂದೇ ಬಗೆಯ ಮಣ್ಣು, ಮಳೆ ಇರುವ ಪ್ರದೇಶವನ್ನು ಒಂದು ಹೊಲ ಎಂದು ತಿಳಿಯಿರಿ, ಅಲ್ಲಿ ಬೆಳೆ ಕಟಾವು ಪ್ರಯೋಗ ಹೇಗೂ ನಡೆಯುತ್ತಿದೆ, ಅದರ ಸರಾಸರಿ ಕುಸಿದರೆ ಎಲ್ಲರಿಗೂ ಪರಿಹಾರ ಕೊಡಿ. ಆಹಾರ ಲೆಕ್ಕಕ್ಕೆಂದು ಹುಟ್ಟಿದ ಚೌಕ ವಿಮೆಯ ಸಾಕ್ಷಿಯಾದದ್ದು ಹೀಗೆ. 1979ರ ಪ್ರಾಯೋಗಿಕ ಯೋಜನೆ ಆರು ವರ್ಷ ಪರಿಹಾರಕ್ಕಿಂತ ಹೆಚ್ಚಿನ ಕಂತು ಕಂಡಿತು. ಆ ಧೈರ್ಯದಲ್ಲಿ 1985ರಲ್ಲಿ ದೇಶಕ್ಕೆಲ್ಲ ಒಂದು ಯೋಜನೆ, 1999ರಲ್ಲಿ ಇನ್ನೊಂದು, 2016ರ ಮುಂಗಾರಿಗೆ ಈಗಿನ ಫಸಲ್ ಬಿಮಾ. ಹೆಸರು ಬದಲಾಗುತ್ತ ಬಂತು, ದಾಂಡೇಕರರ ತಿರುಳು ಉಳಿಯಿತು. ನಿಜವಾಗಿ ಬದಲಾದದ್ದು ಆ ‘ಒಂದು ಹೊಲ’ದ ಗಾತ್ರ: ತಾಲ್ಲೂಕಿನಿಂದ ಹೋಬಳಿಗೆ, ಪ್ರಮುಖ ಬೆಳೆಗಳಿಗೆ ಹೋಬಳಿಯಿಂದ ಗ್ರಾಮ ಪಂಚಾಯತಿಗೆ. ಪರಿಶೀಲನೆ ನಮ್ಮ ಬದುವಿನ ಹತ್ತಿರ ಹತ್ತಿರ ಬರುತ್ತಿದೆ, ಬದು ದಾಟಿಲ್ಲ.

ಒಂದು ಪಂಚಾಯತಿಯಲ್ಲಿ ಪ್ರಮುಖ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗ ನಡೆಯಬೇಕು. ಯಾವ ಸರ್ವೆ ನಂಬರು ಎಂಬುದನ್ನು ಮೊದಲೇ ಯಾದೃಚ್ಛಿಕ ಅಂಕಿಗಳಿಂದ ಆರಿಸಿರುತ್ತಾರೆ. ಕೊಯ್ಲಿನ ದಿನ ಹೊಲದ ನೈಋತ್ಯ ಮೂಲೆಯಲ್ಲಿ ನಿಂತು, ಕೊಟ್ಟ ಅಂಕಿಯಷ್ಟು ಹೆಜ್ಜೆ ಉದ್ದಕ್ಕೆ, ಇನ್ನೊಂದು ಅಂಕಿಯಷ್ಟು ಹೆಜ್ಜೆ ಅಡ್ಡಕ್ಕೆ ನಡೆದು ಗೂಟ ಹೊಡೆಯುತ್ತಾರೆ. ಕಾಲಡಿ ಬರಿ ನೆಲ ಬಂದರೂ ಸರಿ, ಸೊಂಟದೆತ್ತರದ ಪೈರು ಬಂದರೂ ಸರಿ, ಜಾಗ ಬದಲಿಸುವಂತಿಲ್ಲ. ಹಗ್ಗ ಎಳೆದು ಚೌಕ ಮಾಡಿ, ಅದರೊಳಗಿನದನ್ನಷ್ಟೇ ಕೊಯ್ದು, ತಾಡಪಾಲಿನ ಮೇಲೆ ಬಡಿದು, ತೂರಿ, ತೂಗುತ್ತಾರೆ. ಈಗ ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ, ಜಾಗದ ಗುರುತು. ಸುತ್ತ ನಿಲ್ಲುವವರು ಕಂದಾಯ ಇಲಾಖೆಯವರೋ ಕೃಷಿ ಇಲಾಖೆಯವರೋ ಪಂಚಾಯತಿಯವರೋ ಒಬ್ಬರು, ವಿಮಾ ಕಂಪನಿಯ ಒಬ್ಬ ಹುಡುಗ, ಹೊಲದ ಒಡೆಯ, ಮತ್ತೆ ಸುಮ್ಮನೆ ನೋಡಲು ಬಂದ ನಾಲ್ಕು ಜನ. ಕರ್ನಾಟಕದಲ್ಲಿ ಇದರ ಲೆಕ್ಕ ಹಿಡಿಯುವುದು ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ.

ಚೌಕ 25 ಚದರ ಮೀಟರ್, ಅಂದರೆ ಹೆಕ್ಟೇರಿನ ನಾನೂರನೇ ಒಂದು ಪಾಲು. ಬಂದ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. 2 ಕಿಲೋ ಹೆಸರು ಬಂದರೆ 8 ಕ್ವಿಂಟಲ್. ಎಕರೆಗೆ ಮೂರು ಕ್ವಿಂಟಲ್ ಚಿಲ್ಲರೆ. ತಕ್ಕಡಿ ನೂರು ಗ್ರಾಂ ಅತ್ತಿತ್ತ ಆದರೆ ಹೆಕ್ಟೇರಿಗೆ 40 ಕಿಲೋ ಅತ್ತಿತ್ತ. ಇಷ್ಟು ಸಣ್ಣ ಚೌಕದ ಮೇಲೆ ಇಡೀ ಪಂಚಾಯತಿಯ ದುಡ್ಡು ನಿಂತಿರುವಾಗ ಸುತ್ತ ನಿಂತವರ ಮುಖ ಬಿಗಿಯುವುದು ಸಹಜ. ವಿಚಿತ್ರವೆಂದರೆ ಇಲ್ಲಿ ಬೆಳೆ ಚೆನ್ನಾಗಿ ಬಂದರೆ ರೈತನಿಗೇ ಕಸಿವಿಸಿ. ‘ಹೋಗಿ ಹೋಗಿ ಇವನ ಹೊಲಾನ ಸಿಗಬೇಕಿತ್ತಾ’ ಎಂದು ಗುಣುಗುವವರನ್ನು ನಾನೇ ಕೇಳಿದ್ದೇನೆ. ಆ ಹೊಲದ ಒಡೆಯನ ತಪ್ಪೇನು? ಗೊಬ್ಬರ ಹಾಕಿದ್ದ, ಹೊತ್ತಿಗೆ ಸರಿಯಾಗಿ ಎಡೆ ಹೊಡೆದಿದ್ದ.

ಪ್ರಯೋಗಗಳ ಸರಾಸರಿಯನ್ನು ‘ಇಲ್ಲಿ ಇಷ್ಟಾದರೂ ಬರಬೇಕಿತ್ತು’ ಎಂಬ ಇಳುವರಿಗೆ ಹೋಲಿಸುತ್ತಾರೆ. ಅದನ್ನು ಕಟ್ಟುವುದು ಕಳೆದ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿ ಹಿಡಿದು, ಅದರ ಶೇ 70, 80 ಅಥವಾ 90ರಷ್ಟನ್ನು ಲೆಕ್ಕಕ್ಕೆ ತೆಗೆದುಕೊಂಡು. ಅದು 4.8 ಕ್ವಿಂಟಲ್ ಇದ್ದು ಈ ಸಲ 3.6 ಬಂದರೆ ಕೊರತೆ ಕಾಲು ಪಾಲು. ವಿಮೆಯ ಮೊತ್ತದ ಕಾಲು ಪಾಲು ಎಲ್ಲರಿಗೂ. ಬದುವಿನ ಆಚೆಯ ಪಂಚಾಯತಿಗೆ ಬಂದು ಈಚೆಗೆ ಬಾರದಿರುವ ಗುಟ್ಟು ಇಲ್ಲಿದೆ. ಸತತ ಬರ ಬಿದ್ದ ಸೀಮೆಯಲ್ಲಿ ಈ ಮಟ್ಟವೇ ಕೆಳಗಿಳಿದು ಕೂತಿರುತ್ತದೆ, ಹೆಚ್ಚು ಸೋತವನಿಗೆ ಕಡಿಮೆ ಸಿಗುತ್ತದೆ. ನನಗೆ ಈ ವ್ಯವಸ್ಥೆಯ ದೊಡ್ಡ ಊನ ಇದೇ ಎನ್ನಿಸುತ್ತದೆ; ಚೌಕಕ್ಕಿಂತ ಹೆಚ್ಚು ಜಗಳ ಇದರ ಮೇಲೆ ಆಗಬೇಕಿತ್ತು.

ಸರಾಸರಿಗೆ ಸಿಗದ ನಷ್ಟಗಳೂ ಇವೆ. ಆಲಿಕಲ್ಲು ಒಬ್ಬನ ದ್ರಾಕ್ಷಿ ಉದುರಿಸಿ ಪಕ್ಕದವನದನ್ನು ಮುಟ್ಟದೆ ಹೋಗುತ್ತದೆ. ಹಾಗಾಗಿ ಆಲಿಕಲ್ಲು, ಭೂಕುಸಿತ, ಮುಳುಗಡೆಗೆ ‘ಸ್ಥಳ ನಿರ್ದಿಷ್ಟ ವಿಕೋಪ’ ಎಂಬ ಕಿಟಕಿ ತೆರೆದರು. ಕೊಯ್ದು ಹೊಲದಲ್ಲೇ ಒಣಗಲು ಹರವಿದ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೂ ಹಾಗೇ. ಇಲ್ಲಿ ಮಾತ್ರ ನಿಮ್ಮ ಹೊಲಕ್ಕೇ ಮನುಷ್ಯ ಬರುತ್ತಾನೆ, ಆದರೆ 72 ಗಂಟೆಯೊಳಗೆ ನೀವು ತಿಳಿಸಿದರೆ. ಹರವಿದ ಹೆಸರು ಮಳೆಗೆ ನೆನೆಯುತ್ತಿರುವಾಗ ಒಕ್ಕಲಿಗನ ಕೈ ಮೊದಲು ಹೋಗುವುದು ತಾಡಪಾಲಿಗೆ, ಫೋನಿಗಲ್ಲ. ಉಳಿದದ್ದನ್ನು ಬಾಚಿ ಮನೆಗೆ ಸೇರಿಸಿದ ಮೇಲೆ ವಿಮೆಯ ನೆನಪಾದರೆ ತೋರಿಸಲು ಹೊಲದಲ್ಲಿ ನಷ್ಟವೂ ಇರುವುದಿಲ್ಲ. 2018ರಲ್ಲಿ ಭತ್ತದ ಮುಳುಗಡೆಯನ್ನು ಈ ಕಿಟಕಿಯಿಂದ ಹೊರಗಿಟ್ಟರು. 2026ರ ಮುಂಗಾರಿನಿಂದ ಅದನ್ನು ಮರಳಿ ಸೇರಿಸುವುದಾಗಿ, ಕಾಡುಪ್ರಾಣಿ ಹಾವಳಿಗೂ ಜಾಗ ಕೊಡುವುದಾಗಿ ಕೇಂದ್ರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಆನೆ ಪಂಚಾಯತಿಯ ಸರಾಸರಿ ತಿನ್ನುವುದಿಲ್ಲವಲ್ಲ!

ಮಲೆನಾಡಿನ ಅಡಿಕೆ ತೋಟಕ್ಕೆ ಮಾತ್ರ ಹಗ್ಗವೂ ಇಲ್ಲ, ಗೂಟವೂ ಇಲ್ಲ. ಅಲ್ಲಿ ಚಕ್ರವರ್ತಿಯವರ ಮಳೆಮಾಪಕ ಮರಳಿ ಬಂದಿದೆ. 2003ರಲ್ಲಿ ಆಗಿನ ಆಂಧ್ರದ ಮಹಬೂಬ್‌ನಗರದ ಶೇಂಗಾ, ಹರಳು ಬೆಳೆಗಾರರಿಗೆ ಮಳೆ ಆಧಾರಿತ ವಿಮೆ ಬಂತು. 2007ರ ಮುಂಗಾರಿನಲ್ಲಿ ಸರ್ಕಾರದ ಹವಾಮಾನ ಆಧಾರಿತ ಯೋಜನೆ ಮೊದಲು ಪರೀಕ್ಷೆಗೆ ಇಳಿದದ್ದು ಕರ್ನಾಟಕದ 70 ಹೋಬಳಿಗಳಲ್ಲಿ. ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಯಲಹಂಕಕ್ಕೆ ಲೆಕ್ಕ ಒಪ್ಪಿಸುತ್ತವೆ. ಹೆಕ್ಟೇರಿಗೆ 6,400 ರೂಪಾಯಿ ಕಟ್ಟಿದ ಅಡಿಕೆ ಬೆಳೆಗಾರನಿಗೆ 1,28,000ದ ವಿಮೆ. ಕೊಳೆರೋಗ ಎಷ್ಟು ಕೊನೆ ಉದುರಿಸಿತು ಎಂದು ಎಣಿಸಲು ಯಾರೂ ಬರುವುದಿಲ್ಲ, ಮಳೆ ಎಷ್ಟು ದಿನ ಬಿಡದೆ ಹೊಯ್ಯಿತು ಎಂಬುದೇ ಸಾಕ್ಷಿ. ಮಾಪಕಕ್ಕೆ ನೆಂಟರಿಲ್ಲ ಎಂದೆನಲ್ಲ, ಮೇಲೆ ಮರದ ಹೆರೆ ಬಾಗಿದರೆ, ಒಳಗೆ ಜೇಡ ಬಲೆ ಕಟ್ಟಿದರೆ ಅದೂ ಸುಳ್ಳು ಹೇಳುತ್ತದೆ. ಈಗ ತೀರ್ಥಹಳ್ಳಿ, ಶಿರಸಿ ಕಡೆಯವರು ತೋಟದಷ್ಟೇ ಕಾಳಜಿಯಿಂದ ಪಂಚಾಯತಿಯ ಮಳೆಮಾಪಕವನ್ನೂ ಇಣುಕಿ ನೋಡಿ ಬರಬೇಕಾಗಿದೆ.

ಇನ್ನೊಂದು ಕಣ್ಣು ಈಚಿನದು. 2020ರಲ್ಲಿ ರಾಜ್ಯ ಸರ್ಕಾರ ‘ನನ್ನ ಬೆಳೆ ನನ್ನ ಹಕ್ಕು’ ಎಂದು ರೈತರ ಕೈಗೇ ಬೆಳೆ ಸಮೀಕ್ಷೆಯ ಆ್ಯಪ್ ಕೊಟ್ಟಿತು. ವಿಮೆಗೆ ಬರೆಸಿದ್ದು ಶೇಂಗಾ, ಸಮೀಕ್ಷೆಯಲ್ಲಿ ಕಂಡದ್ದು ಗೋವಿನಜೋಳ ಎಂದಾದರೆ ಅರ್ಜಿ ಅಲ್ಲೇ ಅಡ್ಡಬೀಳುತ್ತದೆ. 2023ರಿಂದ ಭತ್ತ, ಗೋಧಿಗಳ ಇಳುವರಿ ಅಂದಾಜಿನಲ್ಲಿ ಉಪಗ್ರಹದಂಥ ತಂತ್ರಜ್ಞಾನಕ್ಕೆ ಕನಿಷ್ಠ ಶೇ 30ರಷ್ಟು ತೂಕ. ಹೊಲಕ್ಕೆ ಯಾರೂ ಬರಲಿಲ್ಲ ಎಂಬ ಮಾತು ಈಗ ಅಷ್ಟು ನಿಜವಲ್ಲ. ಕೈ ಕುಲುಕಿ ಚಹಾ ಕುಡಿಯುವವರು ಬಂದಿಲ್ಲ, ಅಷ್ಟೆ.

ನಾನು ನಿಂತು ನೋಡಿದ ಒಂದು ಕಟಾವಿನಲ್ಲಿ, ಚೌಕದಿಂದ ತೂಗಿದ ಹೆಸರನ್ನು ಹೊಲದ ಒಡೆಯನ ಟವೆಲಿಗೇ ಸುರಿದುಕೊಟ್ಟರು. ಕಟಾವಿನ ಕಾಳು ರೈತನಿಗೇ ಸೇರತಕ್ಕದ್ದು. ಎಲ್ಲರೂ ಬೈಕು ಹತ್ತಿದ ಮೇಲೆ ಪಕ್ಕದ ಹೊಲದವನೊಬ್ಬ ಬದು ದಾಟಿ ಬಂದು ಕೇಳಿದ, ‘ಎಷ್ಟ್ ಬಂತೋ ಮಾವ?’ ಇವನು ತೂಕ ಹೇಳಿದ. ಅವನು ಬೆರಳ ಮೇಲೆ ನಾನೂರರಿಂದ ಗುಣಿಸತೊಡಗಿದ.