ಛಾಯಾಚಿತ್ರ ಮತ್ತು ಬೆಳಕಿನ ಲೆಕ್ಕ

ಒಳ್ಳೆಯ ಛಾಯಾಚಿತ್ರಕ್ಕೆ ಬೆಲೆಬಾಳುವ ಕ್ಯಾಮೆರಾ ಬೇಕೆಂಬ ನಂಬಿಕೆ ಜನರಲ್ಲಿ ಬಲವಾಗಿ ಬೇರೂರಿದೆ. ಆದರೆ ಅನೇಕ ಚಿತ್ರಗಳು ಕೆಡುವುದು ಬೆಳಕಿನ ಲೆಕ್ಕ ತಪ್ಪುವುದರಿಂದ. ಬಾಗಿಲಿಗೆ ಬೆನ್ನು ಮಾಡಿ ಕುಳಿತ ಅಜ್ಜಿಯ ಮುಖ ಕಪ್ಪಾಗಿ, ಹೊರಗಿನ ಅಂಗಳ ಮಾತ್ರ ಬೆಳಗುತ್ತಿರುವ ಚಿತ್ರವನ್ನು ನಾವೆಲ್ಲರೂ ಕಂಡಿದ್ದೇವೆ. ಮರುವರ್ಷ ಅದೇ ಬಾಗಿಲು ಇದ್ದೀತು; ಅಜ್ಜಿ ಇರುವಳೆಂದು ಹೇಳಲಾಗದು. ಆದುದರಿಂದ ಈ ಲೆಕ್ಕವನ್ನು ಮೊದಲೇ ಅರಿತಿರುವುದು ಲೇಸು.

ಫಿಲ್ಮಿನಲ್ಲಿ ಬೆಳ್ಳಿಯ ಲವಣಗಳು ಮಾಡುವ ಕೆಲಸವನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಸಿಲಿಕಾನಿನ ಬಿಲ್ಲೆಯೊಂದು ಮಾಡುತ್ತದೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು ಸಿ.ಸಿ.ಡಿ. ಎಂಬ ಸಾಧನವನ್ನು ರೂಪಿಸಿದರು. 1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಇಂತಹ ಬಿಲ್ಲೆಯನ್ನು ಬಳಸಿ ಕ್ಯಾಮೆರಾ ಒಂದನ್ನು ಕಟ್ಟಿದಾಗ, ಅದರ ಚಿತ್ರದಲ್ಲಿದ್ದುದು ಕೇವಲ 10,000 ಬಿಂದುಗಳು. ಅದನ್ನು ಕ್ಯಾಸೆಟ್ಟಿನಲ್ಲಿ ದಾಖಲಿಸಲು 23 ಸೆಕೆಂಡುಗಳು ಹಿಡಿದುವು. ಇಂದಿನ ಮೊಬೈಲ್ ಫೋನುಗಳಲ್ಲಿರುವುದು ಸೀಮಾಸ್ ಎಂಬ ಬೇರೊಂದು ಬಗೆಯ ಬಿಲ್ಲೆ. ಅದರಲ್ಲಿ ಕೋಟಿಗೂ ಮಿಕ್ಕ ಬಿಂದುಗಳಿರುವುದು ಸಾಮಾನ್ಯ.

ಪ್ರತಿಯೊಂದು ಬಿಂದುವನ್ನೂ ಮಳೆಯಲ್ಲಿಟ್ಟ ಕೊಡವೆಂದು ಭಾವಿಸೋಣ. ಬೆಳಕಿನ ಕಣಗಳು ಬಿದ್ದಂತೆಲ್ಲ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಅದರಲ್ಲಿ ಸೇರುತ್ತವೆ. ಕೊಡ ತುಂಬಿದ ಮೇಲೆ ಸುರಿದ ನೀರು ಲೆಕ್ಕಕ್ಕೆ ಸಿಗದಷ್ಟೆ! ಹಾಗೆಯೇ ಅತಿಯಾಗಿ ಬೆಳಕು ಬಿದ್ದ ಭಾಗವು ಬರಿಯ ಬಿಳುಪಾಗುತ್ತದೆ; ಅಲ್ಲಿದ್ದ ಮೋಡದ ಅಂಚು, ಸೀರೆಯ ನೆರಿಗೆ ಯಾವ ಉಪಾಯದಿಂದಲೂ ಮರಳಿ ಬಾರವು. ಬೆಳಕು ತೀರ ಕಡಮೆಯಾದರೆ ಚಿತ್ರದಲ್ಲಿ ಮರಳು ಎರಚಿದಂತೆ ಚುಕ್ಕೆಗಳು ಏಳುತ್ತವೆ.

ಕೊಡಕ್ಕೆ ಬೀಳುವ ಬೆಳಕನ್ನು ಮಸೂರದ ರಂಧ್ರವೂ ಷಟರ್ ತೆರೆದಿರುವ ಕಾಲವೂ ನಿಯಂತ್ರಿಸುತ್ತವೆ. ಸೆಕೆಂಡಿನ 1/60 ಭಾಗ ತೆರೆದ ಷಟರ್, 1/120 ಭಾಗ ತೆರೆದುದಕ್ಕಿಂತ ಇಮ್ಮಡಿ ಬೆಳಕನ್ನು ಒಳಬಿಡುತ್ತದೆ. ಆದರೆ ಕಾಲ ಹೆಚ್ಚಿದಷ್ಟೂ ಕೈಯ ನಡುಕ ಚಿತ್ರದಲ್ಲಿ ಮೂಡುತ್ತದೆ. ಐ.ಎಸ್.ಒ. ಸಂಖ್ಯೆಯನ್ನು ಏರಿಸಿದರೆ ಬೆಳಕು ಹೆಚ್ಚುವುದಿಲ್ಲ; ಬಂದ ಸಂಕೇತವಷ್ಟೇ ವರ್ಧಿಸುತ್ತದೆ, ಅದರೊಡನೆ ಚುಕ್ಕೆಗಳೂ ಎದ್ದು ಕಾಣುತ್ತವೆ. ಮಂದ ಬೆಳಕಿನಲ್ಲಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ಗೋಡೆಗೆ ಒರಗಿ ನಿಲ್ಲುವುದೇ ಸುಲಭವಾದ ಪರಿಹಾರ.

ಇನ್ನು ಅಜ್ಜಿಯ ಮುಖ ಕಪ್ಪಾದುದೇಕೆ? ಎದುರಿನ ವಸ್ತು ಯಾವುದೆಂಬುದನ್ನು ಕ್ಯಾಮೆರಾದ ಬೆಳಕಿನ ಮಾಪಕ ಅರಿಯದು. ದೃಶ್ಯವೆಲ್ಲ ಸರಾಸರಿಯಲ್ಲಿ ನಡುಬೂದಿ ಬಣ್ಣದ್ದೆಂದು ಅದು ಎಣಿಸುತ್ತದೆ. ಹೊಳೆಯುವ ಅಂಗಳವನ್ನು ಬೂದಿಗೆ ಇಳಿಸಹೊರಟಾಗ ಮುಖ ಕತ್ತಲೆಗೆ ಜಾರುತ್ತದೆ. ಇಂದಿನ ಎಷ್ಟೋ ಫೋನುಗಳು ಮುಖವನ್ನು ಗುರುತಿಸಿ ಈ ತಪ್ಪನ್ನು ತಿದ್ದಲು ಯತ್ನಿಸುತ್ತವೆ. ಆದರೆ ಎಲ್ಲ ಸಲವೂ ಗೆಲ್ಲವು.

ವಿದ್ಯಾರ್ಥಿಗಳು ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಒಂದು ಬಿಳಿಯ ಪಂಚೆಯನ್ನೂ ಒಂದು ಕರಿಯ ಕಂಬಳಿಯನ್ನೂ ಒಂದೇ ನೆರಳಿನಲ್ಲಿ ಹರಡಿ, ಚೌಕಟ್ಟು ತುಂಬುವಂತೆ ಬೇರೆ ಬೇರೆಯಾಗಿ ಚಿತ್ರ ತೆಗೆಯಿರಿ. ಪಂಚೆ ಮಾಸಿದಂತೆಯೂ ಕಂಬಳಿ ಬೂದಿ ಬಳಿದಂತೆಯೂ ತೋರಿದರೆ ಮಾಪಕದ ಸ್ವಭಾವ ತಿಳಿದಂತಾಯಿತು. ಬಳಿಕ ಪರದೆಯನ್ನು ಮುಟ್ಟಿ, ಪಂಚೆಗೆ ಬೆಳಕನ್ನು ಹೆಚ್ಚಿಸಿ, ಕಂಬಳಿಗೆ ಕಡಮೆ ಮಾಡಿ ಮತ್ತೆ ತೆಗೆಯಿರಿ. ಎರಡೂ ತಮ್ಮ ನಿಜವಾದ ಬಣ್ಣಕ್ಕೆ ಹತ್ತಿರವಾಗುವುವು.

ಮುಖಗಳ ವಿಷಯದಲ್ಲಿ ಇದಕ್ಕಿಂತ ಸರಳವಾದ ಮಾರ್ಗವುಂಟು. ಕುಳಿತವರನ್ನು ಬಾಗಿಲಿನ ಕಡೆಗೆ ಓರೆಯಾಗಿ ತಿರುಗಿಸಿದರೆ, ಒಂದು ಬದಿಯಿಂದ ಬಂದ ಮೃದುವಾದ ಬೆಳಕು ಕೆನ್ನೆಯ ಸುಕ್ಕನ್ನೂ ಕಣ್ಣಿನ ಹೊಳಪನ್ನೂ ಚೆನ್ನಾಗಿ ತೋರುತ್ತದೆ. ನಡುಹಗಲಿನ ಬಿಸಿಲು ಕಣ್ಗುಳಿಗಳಲ್ಲಿ ನೆರಳು ತುಂಬುವುದರಿಂದ ಆಗ ಜಗಲಿಯ ನೆರಳೇ ಮೇಲು. ಮಸೂರದ ಮೇಲಿನ ಬೆರಳಿನ ಜಿಡ್ಡನ್ನು ಮೆತ್ತನೆಯ ಬಟ್ಟೆಯಿಂದ ಒರಸಲು ಮರೆಯಬಾರದು.

ಗುಂಡಿ ಒತ್ತುವ ಮುನ್ನ ಬೆಳಕು ಎತ್ತಣಿಂದ ಬರುತ್ತಿದೆಯೆಂದು ಒಂದು ಕ್ಷಣ ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳೋಣ. ಅದಕ್ಕೆ ಹಣದ ವೆಚ್ಚವಿಲ್ಲ. ಕೈಯಲ್ಲಿರುವ ಕ್ಯಾಮೆರಾವೇ ಸಾಕು.