ಹೆಡ್ಡಿಂಗ್ ಬೀದಿಯ ಎರಡು ಕಟ್ಟಡಗಳು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದ ವೆಸ್ಟ್ ಹೆಡ್ಡಿಂಗ್ ಬೀದಿಯಲ್ಲಿ ಸ್ಯಾಂಟಾ ಕ್ಲಾರಾ ಕೌಂಟಿಯ ಮುಖ್ಯ ಜೈಲಿದೆ. ಅದೇ ಬೀದಿಯಲ್ಲಿ, ಕೂಗಳತೆಯಲ್ಲಿ, ಕ್ರಿಮಿನಲ್ ಮೊಕದ್ದಮೆಗಳು ನಡೆಯುವ ಕೋರ್ಟು. ಸಿಲಿಕಾನ್ ಕಣಿವೆಯ ಹೃದಯಭಾಗವಿದು. ಬೆಂಗಳೂರು, ಮೈಸೂರು, ದಾವಣಗೆರೆಯಿಂದ ಹೋಗಿ ಸನಿವೇಲ್, ಕ್ಯುಪರ್ಟಿನೊ, ಮಿಲ್ಪಿಟಾಸ್‌ಗಳಲ್ಲಿ ನೆಲೆಸಿದ ಕನ್ನಡಿಗರೆಲ್ಲ ಇದೇ ಕೌಂಟಿಯ ವಾಸಿಗಳು. ಅವರಲ್ಲಿ ಹೆಚ್ಚಿನವರಿಗೆ ಈ ಎರಡು ಕಟ್ಟಡಗಳ ಹತ್ತಿರ ಸುಳಿಯುವ ಸಂದರ್ಭವೇ ಬರುವುದಿಲ್ಲ. ಬಂದರೆ ಅದು ಮನೆಯವರ ನಿದ್ದೆಗೆಡಿಸುವ ರಾತ್ರಿಯಾಗಿರುತ್ತದೆ. ಕುಡಿದು ಗಾಡಿ ಓಡಿಸಿದ ಗೆಳೆಯನನ್ನೋ, ಮನೆಯ ಜಗಳ ಕೇಳಿ ನೆರೆಯವರು 911ಕ್ಕೆ ಕರೆ ಮಾಡಿದ್ದರಿಂದ ಸಿಕ್ಕಿಬಿದ್ದ ತಮ್ಮನನ್ನೋ ಪೊಲೀಸರು ಕರೆದೊಯ್ದಿರುತ್ತಾರೆ. ಫೋನ್ ಬಂದ್ ಆಗಿರುತ್ತದೆ. ಊರಿನಲ್ಲಿರುವ ತಾಯಿತಂದೆಗೆ ಏನು ಹೇಳುವುದೆಂದು ತಿಳಿಯುವುದಿಲ್ಲ.

ಆಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಅವನು ಈಗ ಎಲ್ಲಿದ್ದಾನೆ? ಇದಕ್ಕೆ ಉತ್ತರ ಪಡೆಯಲು ಅಲ್ಲಿ ಯಾರ ಶಿಫಾರಸೂ ಬೇಡ. ಬಂಧಿತರ ವಿವರ ಸಾರ್ವಜನಿಕರಿಗೆ ತಿಳಿಯಬೇಕೆಂಬುದು ಕಾನೂನು.

ಕೌಂಟಿ ಎಂಬ ಲೆಕ್ಕ

ಅಮೆರಿಕದಲ್ಲಿ ಸುಮಾರು 3,100 ಕೌಂಟಿಗಳಿವೆ. ನಮ್ಮ ಜಿಲ್ಲೆಗೆ ಹೋಲಿಸಬಹುದಾದರೂ ಒಂದು ದೊಡ್ಡ ವ್ಯತ್ಯಾಸವಿದೆ. ಹೆಚ್ಚಿನ ಕೌಂಟಿಗಳಲ್ಲಿ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಜನರ ಮತದಿಂದ ಆಯ್ಕೆಯಾಗುತ್ತಾನೆ. ಕೌಂಟಿ ಜೈಲು ಸಾಮಾನ್ಯವಾಗಿ ಅವನ ಸುಪರ್ದಿನಲ್ಲೇ ಇರುತ್ತದೆ. ಹೀಗಾಗಿ ಬಂಧಿಸಿದವರು ಸನಿವೇಲ್ ಪೊಲೀಸರಾಗಲಿ, ಸ್ಯಾನ್ ಹೋಸೆ ಪೊಲೀಸರಾಗಲಿ, ಬಂಧಿತ ಬಂದು ಸೇರುವುದು ಕೌಂಟಿ ಜೈಲಿಗೆ. ಊರಿನ ಠಾಣೆಗೆ ಫೋನ್ ಮಾಡಿ ಮಾಡಿ ಸೋಲುವವರು ತಿಳಿಯಬೇಕಾದ ಮೊದಲ ಸಂಗತಿ ಇದು.

ಅಲ್ಲಿ ಜೈಲು ಬೇರೆ, ಪ್ರಿಸನ್ ಬೇರೆ. ದೀರ್ಘ ಶಿಕ್ಷೆಯಾದವರು ಹೋಗುವುದು ರಾಜ್ಯದ ಅಥವಾ ಕೇಂದ್ರ ಸರ್ಕಾರದ ಪ್ರಿಸನ್‌ಗೆ. ಕೌಂಟಿ ಜೈಲಿನಲ್ಲಿರುವವರಲ್ಲಿ ಬಹಳಷ್ಟು ಮಂದಿ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿರುವುದಿಲ್ಲ. ಜೈಲಿನ ಪಟ್ಟಿಯಲ್ಲಿ ಹೆಸರು ನೋಡುವ ಪ್ರತಿಯೊಬ್ಬರೂ ಈ ಮಾತನ್ನು ನೆನಪಿನಲ್ಲಿಡಬೇಕು.

ಹುಡುಕುವ ದಾರಿ

ಜೈಲಿಗೆ ತಂದವನನ್ನು ದಾಖಲಿಸಿಕೊಳ್ಳುವ ಕೆಲಸಕ್ಕೆ ಬುಕಿಂಗ್ ಎನ್ನುತ್ತಾರೆ. ಹೆಸರು, ಜನ್ಮದಿನ, ಆರೋಪದ ಕಲಮುಗಳನ್ನು ಬರೆದುಕೊಳ್ಳುತ್ತಾರೆ. ಬೆರಳಚ್ಚು, ಫೋಟೊ ತೆಗೆಯುತ್ತಾರೆ. ಆರೋಗ್ಯ ವಿಚಾರಿಸುತ್ತಾರೆ, ಮೈಮೇಲಿನ ವಸ್ತುಗಳನ್ನು ಪಟ್ಟಿ ಮಾಡಿ ಇಟ್ಟುಕೊಳ್ಳುತ್ತಾರೆ. ಕೊನೆಗೆ ಒಂದು ಬುಕಿಂಗ್ ಸಂಖ್ಯೆ. ಇದಕ್ಕೆಲ್ಲ ಕೆಲವು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೆ ಶೆರಿಫ್ ಕಚೇರಿಯ ಜಾಲತಾಣದಲ್ಲಿ ಹೆಸರು ಹುಡುಕಿದರೆ ಸಿಗದಿರಬಹುದು. ಸಿಗಲಿಲ್ಲವೆಂದು ಗಾಬರಿಯಾಗದೆ ಮತ್ತೆ ನೋಡಬೇಕು. ಸಣ್ಣಪುಟ್ಟ ಅಪರಾಧವಾದರೆ ಕೋರ್ಟಿಗೆ ಬರುವಂತೆ ಚೀಟಿ ಕೊಟ್ಟು ಬಿಟ್ಟುಬಿಡುವುದೂ ಉಂಟು. ಆಗ ಹೆಸರು ಪಟ್ಟಿಗೆ ಬರುವುದೇ ಇಲ್ಲ.

ಕ್ಯಾಲಿಫೋರ್ನಿಯಾದ ಸಾರ್ವಜನಿಕ ದಾಖಲೆಗಳ ಕಾನೂನು 1968ರದು. ಬಂಧಿತನ ಹೆಸರು, ಉದ್ಯೋಗ, ಎತ್ತರ, ತೂಕ, ಕಣ್ಣಿನ ಬಣ್ಣ, ಬಂಧಿಸಿದ ದಿನ ಮತ್ತು ಸಮಯ, ಎಲ್ಲ ಆರೋಪಗಳು, ಜಾಮೀನಿನ ಮೊತ್ತ, ಎಲ್ಲಿ ಇಟ್ಟಿದ್ದಾರೆ, ಬಿಟ್ಟಿದ್ದರೆ ಯಾವಾಗ, ಹೇಗೆ ಬಿಟ್ಟರು ಎಂಬುದನ್ನು ಪೊಲೀಸರು ತಿಳಿಸಬೇಕೆಂದು ಅದು ಹೇಳುತ್ತದೆ. ತನಿಖೆಗೋ ಯಾರದಾದರೂ ಪ್ರಾಣಕ್ಕೋ ಅಪಾಯವಾಗುವಂತಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಬರೆದು ಕೇಳಿದರೆ ದಾಖಲೆ ಕೊಡಬಹುದೋ ಇಲ್ಲವೋ ಎಂಬುದನ್ನು ಕಚೇರಿ ಸಾಮಾನ್ಯವಾಗಿ 10 ದಿನದೊಳಗೆ ತಿಳಿಸಬೇಕು. ಒಬ್ಬನ ಇಡೀ ಜೀವನದ ಅಪರಾಧ ಇತಿಹಾಸ ಮಾತ್ರ ಹೀಗೆ ಕೇಳಿದವರಿಗೆಲ್ಲ ಸಿಗುವುದಿಲ್ಲ. ಅದು ಗೋಪ್ಯ ದಾಖಲೆ. ತನ್ನದನ್ನು ತಾನು ಬೆರಳಚ್ಚು ಕೊಟ್ಟು ತರಿಸಿಕೊಳ್ಳಬಹುದು.

ಕೌಂಟಿಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಇನ್ನೆರಡು ಬಾಗಿಲು ತಟ್ಟಬೇಕು. ಕೇಂದ್ರದ ಪ್ರಿಸನ್‌ಗಳಲ್ಲಿ ಇರುವವರನ್ನು ಹುಡುಕಲು ಒಂದು ಜಾಲತಾಣವಿದೆ. ವಲಸೆ ಇಲಾಖೆಯ ವಶದಲ್ಲಿರುವವರಿಗೆ 2010ರಲ್ಲಿ ಆರಂಭವಾದ ಬೇರೊಂದು ತಾಣವಿದೆ. ಅಲ್ಲಿ ಹೆಸರಿನ ಜೊತೆ ಹುಟ್ಟಿದ ದೇಶವನ್ನೂ ನಮೂದಿಸಬೇಕು.

ಕನ್ನಡದ ಹೆಸರಿಗೆ ಇಲ್ಲೊಂದು ತೊಡಕಿದೆ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಕೂತಿರುತ್ತವೆ. ಅಮೆರಿಕದ ಗಣಕಕ್ಕೆ ಬೇಕಾದದ್ದು ಮೊದಲ ಹೆಸರು, ಕೊನೆಯ ಹೆಸರು. ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರ ಕೂರುತ್ತದೆ. ಆದ್ದರಿಂದ ಹಿಂದುಮುಂದು ಮಾಡಿ, ಇನಿಷಿಯಲ್ ಬಿಡಿಸಿ, ಅಪ್ಪನ ಹೆಸರಿನಲ್ಲೂ ಹುಡುಕಬೇಕು. ಶ್ರೀನಿವಾಸ ಎಂಬ ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದೆಂದು ನಮಗೆ ಗೊತ್ತೇ ಇದೆ. ಅದೇ ಕಾರಣಕ್ಕೆ, ಸಿಕ್ಕ ಹೆಸರು ನಮ್ಮವನದೇ ಎಂದು ನಂಬುವ ಮೊದಲು ವಯಸ್ಸು, ದಿನಾಂಕಗಳನ್ನು ತಾಳೆ ನೋಡಬೇಕು. ಒಂದೇ ಹೆಸರಿನ ಇಬ್ಬರಿರುತ್ತಾರೆ.

ಒಳಗಿರುವವನಿಗೂ ಹಕ್ಕುಗಳಿವೆ. ಕ್ಯಾಲಿಫೋರ್ನಿಯಾದಲ್ಲಿ ಬಂಧನವಾದ ಮೂರು ಗಂಟೆಯೊಳಗೆ ಮೂರು ಫೋನ್ ಕರೆ ಮಾಡಲು ಅವಕಾಶ ಕೊಡಬೇಕು. ಭಾನುವಾರ ಮತ್ತು ರಜಾದಿನ ಬಿಟ್ಟು 48 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ವಿದೇಶಿ ಪ್ರಜೆಯಾದರೆ ತನ್ನ ದೇಶದ ದೂತಾವಾಸಕ್ಕೆ ತಿಳಿಸಿ ಎಂದು ಕೇಳಬಹುದು. 1963ರ ವಿಯೆನ್ನಾ ಒಪ್ಪಂದ ಕೊಟ್ಟ ಹಕ್ಕು ಅದು. ಭಾರತೀಯರು ಬಾಯಿಬಿಟ್ಟು ಕೇಳಬೇಕು. ಸಂಕೋಚಕ್ಕೆ ಸುಮ್ಮನಿದ್ದರೆ ನಷ್ಟ ಅವರದೇ.

ಇನ್ನೊಂದು ಎಚ್ಚರಿಕೆ. ಸಾರ್ವಜನಿಕ ಪಟ್ಟಿಯನ್ನು ವಂಚಕರೂ ಓದುತ್ತಾರೆ. ‘ನಿಮ್ಮವನನ್ನು ಬಿಡಿಸಲು ಈಗಲೇ ಹಣ ಕಳಿಸಿ’ ಎಂದು ಶೆರಿಫ್ ಕಚೇರಿಯ ಹೆಸರಿನಲ್ಲಿ ಮನೆಯವರಿಗೆ ಕರೆ ಬರುವುದುಂಟು. ಯಾವ ಶೆರಿಫ್ ಕಚೇರಿಯೂ ಫೋನಿನಲ್ಲಿ ಗಿಫ್ಟ್ ಕಾರ್ಡ್ ಕೇಳುವುದಿಲ್ಲ. ಕರೆ ಕತ್ತರಿಸಿ, ಕಚೇರಿಯ ಸಂಖ್ಯೆಗೆ ನೀವೇ ಫೋನ್ ಮಾಡಿ ವಿಚಾರಿಸಿ.

ತೆರೆದಿಡುವುದೇಕೆ?

ಬಂಧಿತರ ಹೆಸರನ್ನು ಊರಿಗೆಲ್ಲ ತಿಳಿಸುವುದು ಕ್ರೂರವಲ್ಲವೇ ಎಂದು ಕೇಳುವವರಿದ್ದಾರೆ. ಯಾರಿಗೂ ತಿಳಿಸದೆ ಹಿಡಿದಿಡುವುದು ಅದಕ್ಕಿಂತ ಎಷ್ಟೋ ಕ್ರೂರ. ಇದನ್ನು ಕರ್ನಾಟಕದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲು ವಿಚಾರಣೆಯಿಲ್ಲದ ಬಂದಿಗಳಿಂದ ತುಂಬಿತ್ತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವೆಲ್ಲ ಕಂಡ ಸ್ನೇಹಲತಾ ರೆಡ್ಡಿ ಅಲ್ಲಿ ತಿಂಗಳುಗಟ್ಟಲೆ ಇದ್ದು, ಆರೋಗ್ಯ ಕೆಟ್ಟು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಹಿಡಿದಿಟ್ಟದ್ದೇಕೆ ಎಂದು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕೂ ಆಗ ಇಲ್ಲವೆಂದು ಸುಪ್ರೀಂ ಕೋರ್ಟ್ 1976ರ ಏಪ್ರಿಲ್‌ನಲ್ಲಿ ಹೇಳಿತ್ತು. ಸರ್ಕಾರದ ಕೈಯಲ್ಲಿ ಬೀಗದ ಕೈ ಇರುವಾಗ ಒಳಗೆ ಯಾರಿದ್ದಾರೆಂಬ ಪಟ್ಟಿ ಜನರ ಕೈಯಲ್ಲಿರಬೇಕು.

ಪಟ್ಟಿ ಪ್ರಾಣ ಉಳಿಸಬಲ್ಲದು ಎಂಬುದನ್ನು ಅಮೆರಿಕ ನೋವಿನಿಂದ ಕಲಿಯಿತು. 1993ರ ಡಿಸೆಂಬರ್‌ನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಯುವತಿಯೊಬ್ಬಳನ್ನು ಅವಳ 21ನೇ ಹುಟ್ಟುಹಬ್ಬದಂದೇ ಹಳೆಯ ಗೆಳೆಯ ಗುಂಡಿಕ್ಕಿ ಕೊಂದ. ಅವಳ ಮೇಲೆ ಅತ್ಯಾಚಾರವೆಸಗಿದ ಆರೋಪದಲ್ಲಿ ಜೈಲಿನಲ್ಲಿದ್ದವನು ಜಾಮೀನಿನ ಮೇಲೆ ಹೊರಬಂದಿದ್ದ. ಆ ಸುದ್ದಿಯನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಮರುವರ್ಷವೇ ಆ ಕೌಂಟಿ, ಕೈದಿ ಬಿಡುಗಡೆಯಾದೊಡನೆ ನೊಂದವರಿಗೆ ತಾನಾಗಿ ಫೋನ್ ಹೋಗುವ ‘ವೈನ್’ ಎಂಬ ವ್ಯವಸ್ಥೆ ಮಾಡಿತು. ಈಗ ಅದು ಅಮೆರಿಕದ ಬಹುತೇಕ ರಾಜ್ಯಗಳಲ್ಲಿದೆ.

ಪಟ್ಟಿ ಹಣೆಪಟ್ಟಿಯಾದಾಗ

ಆದರೆ ಇದೇ ಪಟ್ಟಿಯಿಂದ ಸುಲಿಗೆಯ ದಂಧೆಯೂ ಹುಟ್ಟಿತು. ಜೈಲುಗಳು ಪ್ರಕಟಿಸಿದ ಫೋಟೊಗಳನ್ನು ಕೆಲವರು ರಾಶಿ ಹಾಕಿ ತಮ್ಮ ತಾಣಗಳಲ್ಲಿ ತೂಗುಹಾಕಿದರು. ತೆಗೆಯಬೇಕಾದರೆ ಹಣ ಕೊಡಿ ಎಂದರು. ಕೇಸು ಬಿದ್ದುಹೋದವರ ಮುಖವೂ ಅಲ್ಲಿತ್ತು. ಇಂಥ ಹಣ ವಸೂಲಿಯನ್ನು ಕ್ಯಾಲಿಫೋರ್ನಿಯಾ 2015ರಿಂದ ನಿಷೇಧಿಸಿತು. 2018ರ ಮೇ ತಿಂಗಳಲ್ಲಿ ಅಂಥದೊಂದು ತಾಣದ ನಾಲ್ವರ ಮೇಲೆ ಸುಲಿಗೆಯ ಆರೋಪ ಹೊರಿಸಿತು. 2022ರ ಜನವರಿ 1ರಿಂದ, ಹಿಂಸೆಯಿಲ್ಲದ ಅಪರಾಧದ ಶಂಕೆಯಲ್ಲಿ ಹಿಡಿದವರ ಜೈಲು ಫೋಟೊವನ್ನು ಪೊಲೀಸರು ಸಾಮಾನ್ಯವಾಗಿ ಸಾಮಾಜಿಕ ಜಾಲತಾಣದಲ್ಲಿ ಹಾಕುವಂತಿಲ್ಲ. ಶಿಕ್ಷೆಯಾಗದ ಬಂಧನದ ದಾಖಲೆಯನ್ನು ಮುಚ್ಚಿಸಿಕೊಳ್ಳಲು 2018ರಿಂದ ಕಾನೂನಿದೆ. ಶಿಕ್ಷೆಯಲ್ಲಿ ಮುಗಿಯದ ಬಂಧನದ ಬಗ್ಗೆ ಉದ್ಯೋಗ ಕೊಡುವವರು ಅಲ್ಲಿ ಸಾಮಾನ್ಯವಾಗಿ ಕೇಳುವಂತೆಯೂ ಇಲ್ಲ.

ಆದರೂ ಬಂಧನದ ನೆರಳು ಉದ್ದ. ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಬಂಧನವಾದರೆ ಸಾಕು, ಕೋರ್ಟು ತೀರ್ಪು ಕೊಡುವ ಮೊದಲೇ ಅಮೆರಿಕ ವೀಸಾ ರದ್ದು ಮಾಡಬಹುದು. ಪರದೇಶದಲ್ಲಿರುವ ನಮ್ಮ ಹುಡುಗರು ಇದನ್ನು ಮನೆಯಿಂದ ಹೊರಡುವ ಮೊದಲೇ ತಿಳಿದಿರಬೇಕು.

ನಮ್ಮ ಠಾಣೆಯ ಗೋಡೆ

ಬಂಧಿತರ ವಿವರ ತಿಳಿಯುವ ಹಕ್ಕು ನಮ್ಮಲ್ಲೂ ಇದೆ, ಬಳಸುವವರು ಕಡಿಮೆ. ಬಂಧಿಸಿದವರ ಸುದ್ದಿಯನ್ನು ಬಂಧುಗಳಿಗೆ ತಿಳಿಸಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣದಲ್ಲಿ ಹಾಕಬೇಕೆಂದು 2016ರಲ್ಲಿ ಆದೇಶಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನ ಪ್ರಕಾರ ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲಿ ಮತ್ತು ಜಿಲ್ಲಾ ಕೇಂದ್ರದಲ್ಲಿ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ನಿಮ್ಮ ಊರಿನ ಠಾಣೆಗೆ ಹೋದಾಗ ಆ ಫಲಕ ಎಲ್ಲಿದೆ ಎಂದು ಕೇಳಿ. ಕೇಳುವವರಿದ್ದರೆ ಬರೆಯುವವರೂ ಇರುತ್ತಾರೆ.

ಕೇಳುವುದರಷ್ಟೇ ಮುಖ್ಯ, ಓದುವ ರೀತಿ. ಜೈಲಿನ ಪುಸ್ತಕ ಹೇಳುವುದು ಕಥೆಯ ಮೊದಲ ಸಾಲನ್ನು ಮಾತ್ರ: ಇಂಥವನನ್ನು ಇಂಥ ದಿನ ಒಳಗೆ ತಂದರು. ಆರೋಪ ನಿಂತಿತೇ, ಬಿದ್ದುಹೋಯಿತೇ, ಹಿಡಿದದ್ದು ತಪ್ಪು ಆಳನ್ನೇ ಎಂಬುದು ಅದೇ ಬೀದಿಯ ಇನ್ನೊಂದು ಕಟ್ಟಡದಲ್ಲಿ, ಕೋರ್ಟಿನ ಕಡತದಲ್ಲಿ ಇರುತ್ತದೆ. ಪರಿಚಿತನ ಹೆಸರು ಬಂಧಿತರ ಪಟ್ಟಿಯಲ್ಲಿ ಕಂಡರೆ ಅದರ ಚಿತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಡಿ. ಮೊದಲು ಅವನಿಗೊಬ್ಬ ವಕೀಲ ಸಿಕ್ಕಿದ್ದಾನೆಯೇ ಎಂದು ವಿಚಾರಿಸಿ. ಆಮೇಲೆ ಆ ಎರಡನೆಯ ಕಟ್ಟಡದವರೆಗೂ ನಡೆಯಿರಿ. ತೀರ್ಪು ಇರುವುದು ಅಲ್ಲಿ.