ಮೃದುವೋ? ಕಠಿಣವೋ?

ಲೋಹಗಳಲ್ಲೆಲ್ಲ ಹಗುರವಾದುದು ಲಿಥಿಯಂ. ಚಾಕುವಿನಿಂದ ಕೊಯ್ಯಬಹುದಾದಷ್ಟು ಮೆದುವಾದ, ಎಣ್ಣೆಯ ಮೇಲೆ ತೇಲುವ ಈ ವಸ್ತುವಿಗೆ ಗ್ರೀಕರ ‘ಕಲ್ಲು’ ಎಂಬರ್ಥದ ಪದದಿಂದ ಹೆಸರು ಬಂದಿತು. 1817ರಲ್ಲಿ ಅದು ಮೊದಲು ಪತ್ತೆಯಾದದ್ದು ಶಿಲೆಯಲ್ಲಿ. ನಮ್ಮ ಆಲಂಕಾರಿಕರ ಕಣ್ಣಿಗೆ ಬಿದ್ದಿದ್ದರೆ ವಿರೋಧಾಭಾಸಕ್ಕೆ ಉದಾಹರಣೆಯಾಗುತ್ತಿತ್ತೋ ಏನೊ! ಕನ್ನಡ ಪಾಠ ಹೇಳುವ ನಾನು ಬ್ಯಾಟರಿಯ ವಿಷಯಕ್ಕೆ ಕೈಹಾಕಲು ಈ ವಿರೋಧಾಭಾಸವೇ ನೆವ; ಮುಂದೆ ಹೋದಂತೆ ಅದು ಇನ್ನೂ ಬೆಳೆಯುತ್ತದೆ.

ಈಗ ಎಲ್ಲರ ಜೇಬಿನಲ್ಲಿರುವ ಫೋನಿನ ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳೊಳಗೆ ತಂಗುತ್ತವೆ. ಒಂದು ಗ್ರಾಂ ಗ್ರಾಫೈಟಿನ ಧಾರಣಶಕ್ತಿ 372 ಮಿಲಿಆಂಪಿಯರ್-ಗಂಟೆ. ಅದರ ಬದಲು ಲಿಥಿಯಂ ಲೋಹವನ್ನೇ ಇಟ್ಟರೆ ಸುಮಾರು 3,860. ಹತ್ತು ಪಟ್ಟು ಲಾಭವನ್ನು ಯಾರು ಬಿಟ್ಟಾರು? ಆದರೆ ಮತ್ತೆ ಮತ್ತೆ ವಿದ್ಯುತ್ತು ತುಂಬಿದಾಗ ಈ ಲೋಹ ಸಮನಾಗಿ ಹರಡದೆ, ಕವಲೊಡೆದು ಗಿಡದಂತೆ ಬೆಳೆಯುತ್ತದೆ. ಅದರ ಕೊಂಬೆ ಎದುರಿನ ಧ್ರುವವನ್ನು ಮುಟ್ಟಿತೆಂದರೆ ಒಳಗಿನ ದ್ರವ ಹೊತ್ತಿಕೊಳ್ಳಬಹುದು. 1989ರಲ್ಲಿ ಕೆನಡಾದ ಮೋಲಿ ಎನರ್ಜಿ ಕಂಪನಿ ಬೆಂಕಿಯ ಕಾರಣದಿಂದಲೇ ತನ್ನ ಲಿಥಿಯಂ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು.

ಹಾಗಾದರೆ ದ್ರವವನ್ನೇ ತೆಗೆದು ಘನವಸ್ತುವನ್ನಿಟ್ಟರೆ? ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರು ಕ್ಷಾರಲೋಹಗಳ ಲವಣಗಳೊಡನೆ ಕೂಡಿಕೊಳ್ಳುವುದನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಪೀಟರ್ ರೈಟ್ ಮತ್ತು ಸಂಗಡಿಗರು 1973ರಲ್ಲಿ ವರದಿಮಾಡಿದರು. ಅದನ್ನು ಬ್ಯಾಟರಿಗೆ ಬಳಸಬಹುದೆಂದು 1978ರಲ್ಲಿ ಸೂಚಿಸಿದವರು ಫ್ರಾನ್ಸಿನ ಮಿಶೆಲ್ ಅರ್ಮಾಂ.

ಪಾಲಿಮರೆಂದರೆ ಉದ್ದನೆಯ ಸರಪಣಿ. ಅದರಲ್ಲಿ ಅಲ್ಲಲ್ಲಿರುವ ಆಕ್ಸಿಜನ್ ಪರಮಾಣುಗಳು ಲಿಥಿಯಂ ಅಯಾನನ್ನು ಹಿಡಿದು, ಜಾತ್ರೆಯ ನೂಕುನುಗ್ಗಲಿನಲ್ಲಿ ಕೂಸನ್ನು ಕೈಯಿಂದ ಕೈಗೆ ದಾಟಿಸುವಂತೆ ಮುಂದಕ್ಕೆ ಸಾಗಿಸುತ್ತವೆ. ಆದರೆ ದಾಟಿಸುವ ಕೈ ಆಡಬೇಕಷ್ಟೆ! ತಂಪಿನಲ್ಲಿ ಈ ಸರಪಣಿಗಳು ಬಹುಮಟ್ಟಿಗೆ ಸ್ಫಟಿಕದಂತೆ ಸಾಲುಗಟ್ಟಿ ಬಿಗಿದುಕೊಳ್ಳುತ್ತವೆ. ಸುಮಾರು 60 ಡಿಗ್ರಿಯ ಮೇಲೆ ಮಾತ್ರ ಸಡಿಲುತ್ತವೆ. ಕೋಣೆಯ ಉಷ್ಣತೆಯಲ್ಲಿ ಅಯಾನು ಸಾಗಿಸುವುದರಲ್ಲಿ ಅವು ದ್ರವಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಹಿಂದೆ. ಆದ್ದರಿಂದಲೇ 2011ರಿಂದ 2018ರವರೆಗೆ ಪ್ಯಾರಿಸ್ಸಿನಲ್ಲಿ ಓಡಿದ ಆಟೋಲಿಬ್ ಬಾಡಿಗೆ ಕಾರುಗಳ ಪಾಲಿಮರ್ ಬ್ಯಾಟರಿಯನ್ನು, ಬಾಣಂತಿಯನ್ನು ನೋಡಿಕೊಂಡಂತೆ, ಬೆಚ್ಚಗಿಡಬೇಕಾಗಿತ್ತು.

ಘನವಾದ ಮಾತ್ರಕ್ಕೆ ಕ್ಷೇಮವೆಂದೂ ಅಲ್ಲ. ಅದೇ ಬೊಲೋರೆ ಸಮೂಹದ ಎರಡು ಬಸ್ಸುಗಳು 2022ರ ಏಪ್ರಿಲಿನಲ್ಲಿ ಅದೇ ನಗರದಲ್ಲಿ ಹೊತ್ತಿ ಉರಿದುವು. 149 ಬಸ್ಸುಗಳ ಸಂಚಾರವನ್ನು ಕೆಲಕಾಲ ನಿಲ್ಲಿಸಲಾಯಿತು. ಪಾಲಿಮರೂ ಉರಿಯಬಲ್ಲದು, ಲಿಥಿಯಮ್ಮೋ 180 ಡಿಗ್ರಿಗೆ ಕರಗಿಬಿಡುತ್ತದೆ.

ಸಂಶೋಧಕರ ಇಕ್ಕಟ್ಟು ಇಲ್ಲಿದೆ: ಸರಪಣಿಯನ್ನು ಮೆದುಮಾಡಿದರೆ ಅಯಾನು ಸಲೀಸಾಗಿ ಸಾಗೀತು, ಆ ಹಾಳು ಕೊಂಬೆಯೂ ತೂರೀತು; ಗಟ್ಟಿಮಾಡಿದರೆ ಎರಡಕ್ಕೂ ತಡೆ. ರೋಮಿನಲ್ಲಿ ಬ್ರೂನೊ ಸ್ಕ್ರೊಸಾಟಿಯವರ ತಂಡ 1998ರಲ್ಲಿ ಟೈಟಾನಿಯಂ, ಅಲ್ಯೂಮಿನಿಯಮ್ಮುಗಳ ಆಕ್ಸೈಡಿನ ಅತಿಸೂಕ್ಷ್ಮ ಪುಡಿಯನ್ನು ಬೆರೆಸಿ, ಸರಪಣಿಗಳು ಸಾಲುಗಟ್ಟದಂತೆ ಮಾಡಿತು. ನನಗೆ ಹೆಚ್ಚು ಹಿಡಿಸಿದ ಉಪಾಯ ಬೇರೆ. ಪಾಲಿಸ್ಟೈರೀನಿನ ಬಿಗಿಯಾದ ಸರಪಣಿಯ ತುದಿಗೆ ಮೆತ್ತನೆಯ ಸರಪಣಿಯನ್ನು ಹೆಣೆಯುತ್ತಾರೆ. ಅವೆರಡೂ ಬೆರೆಯದೆ ತೆಳುಪದರಗಳಾಗಿ ಬೇರ್ಪಡುತ್ತವೆ: ಒಂದು ಅಯಾನಿಗೆ ದಾರಿ, ಇನ್ನೊಂದು ಗೋಡೆ. ಎರಡು ಪದಗಳೂ ಪ್ರಧಾನವಾದ ದ್ವಂದ್ವಸಮಾಸವಲ್ಲವೆ ಇದು! ಆದರೆ ಗಟ್ಟಿ ಪದರಗಳು ಜಾಗವನ್ನು ಹಂಚಿಕೊಳ್ಳುವುದರಿಂದ ಅಯಾನಿನ ದಾರಿ ಅಷ್ಟಕ್ಕಷ್ಟು ಕಿರಿದಾಗುತ್ತದೆ; ಬಿಸಿಯಿಲ್ಲದೆ ನಡೆಯಬಲ್ಲ ಪಾಲಿಮರಿಗಾಗಿ ಪ್ರಯೋಗಶಾಲೆಗಳಲ್ಲಿ ಹುಡುಕಾಟ ಸಾಗಿಯೇ ಇದೆ.